ಒಂದೇ ದಿನ, ಎರಡು ರಾಜಧಾನಿ

(ಮಲ್ಲೇಶ್ವರದ ನಮ್ಮ ಓದುಗರ ಬಳಗದಲ್ಲಿ ಒಂದು ಭಾನುವಾರ ಬೆಳಗ್ಗೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ. ತುಂಬಾ ಸಂತೋಷ.

ಒಂದು ತಾರೀಖಿನಿಂದ ಶುರು ಮಾಡುತ್ತೇನೆ. 1933ರ ಜನವರಿ 30. ಅವತ್ತು ಬೆಳಗ್ಗೆ ಬರ್ಲಿನ್‌ನಲ್ಲಿ ಹಿಟ್ಲರ್ ಜರ್ಮನಿಯ ಚಾನ್ಸಲರ್ ಆಗಿ ಪ್ರಮಾಣ ವಚನ ತೆಗೆದುಕೊಂಡ. ಸಂಜೆ ಅವನ ಪಡೆಗಳು ಪಂಜು ಹಿಡಿದು ಮೆರವಣಿಗೆ ಹೊರಟವು. ಇದು ನಮ್ಮ ಮಕ್ಕಳ ಪಠ್ಯಪುಸ್ತಕದಲ್ಲೂ ಇದೆ.

ಅದೇ ದಿನ ಕೋಪನ್‌ಹೇಗನ್‌ನಲ್ಲಿ ನಡೆದದ್ದು ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಆಗ ಡೆನ್ಮಾರ್ಕ್‌ನ ಪ್ರಧಾನಿ ಥೋರ್ವಾಲ್ಡ್ ಸ್ಟೌನಿಂಗ್. ಚಿಕ್ಕ ವಯಸ್ಸಿನಲ್ಲೇ ಸಿಗಾರ್ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿ, ಕಾರ್ಮಿಕ ಸಂಘದ ಮೂಲಕ ಮೇಲೆ ಬಂದವರು. ಅವರ ಮನೆ ಕಾನ್ಸ್ಲರ್‌ಗೇಡ ಎಂಬ ಬೀದಿಯಲ್ಲಿತ್ತು. ಹಿಂದಿನ ರಾತ್ರಿ ಆ ಮನೆಯಲ್ಲಿ ಕಾರ್ಮಿಕರ ಪಕ್ಷ, ಅವರ ಮಿತ್ರ ಪಕ್ಷ ಮತ್ತು ವಿರೋಧದಲ್ಲಿದ್ದ ರೈತರ ಪಕ್ಷದ ಮುಖಂಡರು ಕೂತಿದ್ದರು. ಮಾತುಕತೆ ಮುಗಿದು ಒಪ್ಪಂದ ಆಗುವಷ್ಟರಲ್ಲಿ ಜನವರಿ 30 ಬಂದಿತ್ತು.

ಒಪ್ಪಂದದಲ್ಲಿ ಏನಿತ್ತು? ಕಾರ್ಖಾನೆ ಮಾಲೀಕರು ಸಂಬಳದಲ್ಲಿ ಶೇ 20ರಷ್ಟು ಕಡಿತಕ್ಕೆ ಪಟ್ಟು ಹಿಡಿದಿದ್ದರು. ಒಪ್ಪದಿದ್ದರೆ ಲಾಕೌಟ್ ಎಂದು ಕೂತಿದ್ದರು. ಸರ್ಕಾರ ಲಾಕೌಟನ್ನೂ ಮುಷ್ಕರವನ್ನೂ ತಡೆದು, ಹಳೆಯ ಸಂಬಳದ ಕರಾರನ್ನೇ ಒಂದು ವರ್ಷ ಮುಂದುವರಿಸಿತು. ರೈತರಿಗಾಗಿ ಡೆನ್ಮಾರ್ಕ್‌ನ ಹಣದ ಬೆಲೆ ಇಳಿಸಿದರು. ಅವರ ಬೆಣ್ಣೆ, ಹಂದಿಮಾಂಸ ಎಲ್ಲ ಇಂಗ್ಲೆಂಡಿಗೆ ಹೋಗುತ್ತಿತ್ತು. ಇನ್ನು ಮೇಲೆ ಅದಕ್ಕೆ ನಾಲ್ಕು ಕಾಸು ಜಾಸ್ತಿ ಸಿಗಲಿ ಎಂದು. ನಿರುದ್ಯೋಗಿಗಳಿಗೆ ಸರ್ಕಾರಿ ಕಾಮಗಾರಿ. ಮುದುಕರಿಗೆ, ಕಾಯಿಲೆಯವರಿಗೆ, ಕೆಲಸ ಇಲ್ಲದವರಿಗೆ ಇದ್ದ ಚೂರುಪಾರು ಕಾನೂನುಗಳನ್ನು ಒಟ್ಟು ಸೇರಿಸಿ ಗಟ್ಟಿ ಮಾಡುವ ಸುಧಾರಣೆ.

ಎರಡೂ ದೇಶಗಳಿಗೆ ಬಿದ್ದ ಪೆಟ್ಟು ಒಂದೇ. 1929ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಷೇರುಪೇಟೆ ಕುಸಿದು, ಅದರ ಅಲೆ ಇಡೀ ಜಗತ್ತಿಗೆ ಹಬ್ಬಿತ್ತು. ಆ ಚಳಿಗಾಲ ಡೆನ್ಮಾರ್ಕ್‌ನ ಸಂಘಟಿತ ಕಾರ್ಮಿಕರಲ್ಲಿ ಮೂವರಲ್ಲಿ ಒಬ್ಬರಿಗಿಂತ ಜಾಸ್ತಿ ಜನರಿಗೆ ಕೆಲಸ ಇರಲಿಲ್ಲ. ಅಲ್ಲಿನ ರೈತರ ಮನೆ ಮುಂದೆಯೂ ಹರಾಜು ನಡೆಯುತ್ತಿತ್ತು. ಅಲ್ಲೂ ಒಂದು ನಾಜಿ ಪಕ್ಷ 1930ರಲ್ಲೇ ಹುಟ್ಟಿತ್ತು. ಆದರೂ ಒಂದು ಊರು ಒಂದು ದಾರಿ ಹಿಡಿಯಿತು, ಇನ್ನೊಂದು ಊರು ಇನ್ನೊಂದು ದಾರಿ.

ಕಷ್ಟ ಬಂದಾಕ್ಷಣ ಜನ ತಾವಾಗೇ ದ್ವೇಷದ ಕಡೆ ವಾಲುತ್ತಾರೆ ಎಂದು ನಾನು ನಂಬುವುದಿಲ್ಲ. ಅವರ ಸಿಟ್ಟು ನಿಜ. ಅದಕ್ಕೆ ಕಾರಣವೂ ನಿಜ. ಆದರೆ ಆ ಸಿಟ್ಟು ಹೋಗಿ ಸೇರುವ ವಿಳಾಸವನ್ನು ದಾರಿಯಲ್ಲಿ ಯಾರೋ ಬದಲಾಯಿಸುತ್ತಾರೆ. ಅತ್ತೆ ಮೇಲಿನ ಸಿಟ್ಟು ಕೊತ್ತಿ ಮೇಲೆ ಅಂತೀವಲ್ಲ, ಹಾಗೆ. ಆ ವಿಳಾಸ ಬದಲಾಗುವುದು ಹೇಗೆ, ಅದಕ್ಕೆ ದಾರಿ ಮಾಡಿಕೊಡುವ ವ್ಯವಸ್ಥೆ ಯಾವುದು ಎನ್ನುವುದೇ ಇವತ್ತಿನ ಮಾತು.

ಮೊದಲು ಒಂದು ಪದ. ತೀವ್ರ ಬಲಪಂಥ ಎಂದರೆ ಸಂಪ್ರದಾಯವನ್ನು ಪ್ರೀತಿಸುವವರು, ದೇವರನ್ನು ನಂಬುವವರು, ಖಾಸಗಿ ಉದ್ಯಮ ಬೇಕು ಎನ್ನುವವರು ಎಂದು ಅರ್ಥ ಮಾಡಿಕೊಳ್ಳಬೇಡಿ. ಅವರಲ್ಲಿ ಅನೇಕರು ಪ್ರಜಾಪ್ರಭುತ್ವವನ್ನು ಕಾಪಾಡಿದವರೇ. ದೇಶ ಎಂದರೆ ಒಂದೇ ರಕ್ತದ, ಒಂದೇ ಧರ್ಮದ, ಒಂದೇ ಭಾಷೆಯ ಜನ, ಉಳಿದವರು ಬಾಡಿಗೆದಾರರು ಎನ್ನುವ ರಾಜಕೀಯ ಇದೆಯಲ್ಲ, ಅದಕ್ಕೆ ಈ ಹೆಸರು. ಕೋರ್ಟು, ಪತ್ರಿಕೆ, ವಿರೋಧ ಪಕ್ಷ ಎಲ್ಲವೂ ಅದರ ಕಣ್ಣಿಗೆ ಅಡ್ಡಿ.

ಈಗ ಜರ್ಮನಿಗೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕಂದರೆ ಈ ಕತೆಯನ್ನು ನಾವು ತಪ್ಪಾಗಿ ಕಲಿತಿದ್ದೇವೆ. ಗಾಡಿ ತುಂಬ ನೋಟು ತುಂಬಿಕೊಂಡು ಹೋಗಿ ಬ್ರೆಡ್ ತರುತ್ತಿದ್ದರು, ಅದಕ್ಕೇ ಹಿಟ್ಲರ್ ಬಂದ ಎಂದು ಹೇಳುತ್ತಾರೆ ಅಲ್ವಾ? ಆ ಬೆಲೆ ಏರಿಕೆ ಆದದ್ದು 1923ರಲ್ಲಿ. ಐದು ವರ್ಷ ಕಳೆದು, 1928ರ ಚುನಾವಣೆಯಲ್ಲಿ ನಾಜಿ ಪಕ್ಷಕ್ಕೆ ಬಿದ್ದದ್ದು ಶೇ 2.6 ಮತ. ಹನ್ನೆರಡು ಸೀಟು. ಆಗ ಅದು ಲೆಕ್ಕಕ್ಕೇ ಇಲ್ಲದ ಪಕ್ಷ.

1930ರ ಸೆಪ್ಟೆಂಬರ್‌ನಲ್ಲಿ ಅದು ಶೇ 18.3ಕ್ಕೆ ಏರಿತು. 1932ರ ಜುಲೈಯಲ್ಲಿ ಶೇ 37.3. ಈ ನಾಲ್ಕು ವರ್ಷದಲ್ಲಿ ಏನಾಯಿತು? ಅಮೆರಿಕದ ಬ್ಯಾಂಕುಗಳು ಕೊಟ್ಟಿದ್ದ ಸಾಲವನ್ನು ವಾಪಸ್ ಕೇಳಿದವು. ಕಾರ್ಖಾನೆಗಳು ಮುಚ್ಚಿದವು. 1932ರ ಆರಂಭದ ಹೊತ್ತಿಗೆ ಸುಮಾರು 60 ಲಕ್ಷ ಜನ ನಿರುದ್ಯೋಗಿಗಳು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಅಂಥ ಹೊತ್ತಿನಲ್ಲಿ ಸರ್ಕಾರ ಏನು ಮಾಡಿತು ಎನ್ನುವುದನ್ನು ಮಾತ್ರ ಅಷ್ಟಾಗಿ ಹೇಳುವುದಿಲ್ಲ. 1930ರ ಮಾರ್ಚ್‌ನಲ್ಲಿ ಕಾರ್ಮಿಕರ ಪಕ್ಷ ಮತ್ತು ಮಧ್ಯಮ ಪಕ್ಷಗಳು ಸೇರಿ ಮಾಡಿದ್ದ ಸರ್ಕಾರ ಬಿತ್ತು. ನಿರುದ್ಯೋಗ ವಿಮೆಗೆ ಸಂಬಳದಿಂದ ಹಿಡಿಯುವ ಕಂತನ್ನು ಏರಿಸಬೇಕೋ ಬೇಡವೋ ಎಂಬುದೇ ಜಗಳ. ವ್ಯತ್ಯಾಸ ಇದ್ದದ್ದು ಒಂದು ಪರ್ಸೆಂಟ್‌ಗಿಂತ ಕಡಿಮೆ. ಇಷ್ಟಕ್ಕೆ ಒಂದು ಪ್ರಜಾಪ್ರಭುತ್ವ ಸರ್ಕಾರವನ್ನು ಬೀಳಲು ಬಿಟ್ಟರು. ಅದಾದ ಮೇಲೆ ಸಂಸತ್ತಿನ ಬಹುಮತದ ಮೇಲೆ ನಿಂತ ಸರ್ಕಾರ ಅಲ್ಲಿ ಬರಲೇ ಇಲ್ಲ.

ಮುಂದೆ ಚಾನ್ಸಲರ್ ಆದ ಬ್ರೂನಿಂಗ್ ಅಧ್ಯಕ್ಷರ ತುರ್ತು ಆಜ್ಞೆಗಳ ಮೇಲೆ ಆಡಳಿತ ನಡೆಸಿದರು. ಸರ್ಕಾರಿ ನೌಕರರ ಸಂಬಳ ಕಡಿತ. ಪಿಂಚಣಿ ಕಡಿತ. ನಿರುದ್ಯೋಗ ಭತ್ಯೆ ಕಡಿತ. ತೆರಿಗೆ ಮಾತ್ರ ಏರಿಕೆ. ಬರಗಾಲದಲ್ಲಿ ಅನ್ನ ಹಾಕಬೇಕಾದವರು ಇದ್ದ ತಟ್ಟೆಯನ್ನೂ ಎಳೆದುಕೊಂಡರು. ಇತ್ತೀಚೆಗೆ ಅರ್ಥಶಾಸ್ತ್ರಜ್ಞರು ಆ ಕಾಲದ ಲೆಕ್ಕಗಳನ್ನು ಊರೂರಿನ ಮತ ಎಣಿಕೆ ಜೊತೆ ಇಟ್ಟು ನೋಡಿದ್ದಾರೆ. ಕಡಿತದ ಪೆಟ್ಟು ಜಾಸ್ತಿ ಬಿದ್ದ ಕಡೆ ನಾಜಿ ಮತವೂ ಜಾಸ್ತಿ ಏರಿದೆ.

ಆದರೆ ಗಮನಿಸಿ. ಕೆಲಸ ಕಳೆದುಕೊಂಡ ಕಾರ್ಮಿಕರಲ್ಲಿ ಜಾಸ್ತಿ ಜನ ಹೋದದ್ದು ಕಮ್ಯುನಿಸ್ಟರ ಕಡೆ. ನಾಜಿಗಳ ದೊಡ್ಡ ಬಲ ಬಂದದ್ದು ಅಂಗಡಿಯವರು, ಕುಶಲಕರ್ಮಿಗಳು, ಸಣ್ಣ ಊರಿನ ಗುಮಾಸ್ತರು ಮತ್ತು ರೈತರಿಂದ. ಇನ್ನೂ ಪೂರ್ತಿ ಬೀಳದವರು, ಆದರೆ ಬೀಳುತ್ತೇವೆ ಎಂದು ಹೆದರಿದವರು. ಉತ್ತರದ ಶ್ಲೆಸ್ವಿಗ್-ಹೋಲ್‌ಸ್ಟೈನ್ ಪ್ರಾಂತ್ಯವನ್ನೇ ನೋಡಿ. ಹಾಲು, ಹಂದಿ, ದನ ನಂಬಿದ ರೈತರು. ಸಾಲ ಕಟ್ಟಲಾಗದೆ ಜಪ್ತಿ, ಹರಾಜು. 1928ರಲ್ಲಿ ಅಲ್ಲಿ ನಾಜಿಗಳಿಗೆ ಸುಮಾರು ಶೇ 4 ಮತ ಇತ್ತು. 1932ರ ಜುಲೈಯಲ್ಲಿ ಶೇ 51. ಆ ಪ್ರಾಂತ್ಯದ ಗಡಿ ದಾಟಿದರೆ ಸಿಗುವುದೇ ಡೆನ್ಮಾರ್ಕ್. ಗಡಿಯ ಆಚೆಗೂ ಅದೇ ಹಾಲು, ಅದೇ ಹಂದಿ, ಅದೇ ಸಾಲ.

ಜಪ್ತಿ ಎಂದಾಗ ನಮ್ಮ ಊರಿನ ನೆನಪು ಬರುತ್ತದೆ. 1980ರ ಜುಲೈಯಲ್ಲಿ ನರಗುಂದ, ನವಲಗುಂದದಲ್ಲಿ ರೈತರು ಎದ್ದರು. ಮಲಪ್ರಭಾ ಯೋಜನೆಯ ಅಭಿವೃದ್ಧಿ ಕರ ಕಟ್ಟಲಾರೆವು ಎಂದರು. ಗೋಲಿಬಾರ್ ಆಯಿತು. ಆ ಕಿಚ್ಚಿನಿಂದ ರಾಜ್ಯ ರೈತ ಸಂಘ ಬೆಳೆಯಿತು. ಅಧಿಕಾರಿಗಳು ಅಪ್ಪಣೆ ಇಲ್ಲದೆ ಊರೊಳಗೆ ಬರಬಾರದು ಎಂದು ಹಳ್ಳಿ ಹಳ್ಳಿಯಲ್ಲಿ ಬೋರ್ಡು ನೆಟ್ಟರು. ಆ ಸಂಘಟನೆಯ ಎಲ್ಲ ನಡೆಯನ್ನೂ ನಾನು ಒಪ್ಪುವುದಿಲ್ಲ. ಆದರೆ ಆ ಸಿಟ್ಟು ಪಕ್ಕದ ಮನೆಯ ಬೇರೆ ಜಾತಿ, ಬೇರೆ ಧರ್ಮದವನ ಮೇಲೆ ಹೋಗಲಿಲ್ಲ. ತೆರಿಗೆ ಹಾಕಿದವರ ಮೇಲೆ, ಬೆಲೆ ಕೊಡದವರ ಮೇಲೆ ಹೋಯಿತು. ಸರಿಯಾದ ವಿಳಾಸಕ್ಕೆ ಹೋದ ಸಿಟ್ಟು ಹೇಗಿರುತ್ತದೆ ಎಂದು ಕೇಳಿದರೆ ನಾನು ಅದನ್ನು ತೋರಿಸುತ್ತೇನೆ.

ಶ್ಲೆಸ್ವಿಗ್-ಹೋಲ್‌ಸ್ಟೈನ್‌ನಲ್ಲಿ ರೈತರ ಜೊತೆ ನಿಲ್ಲಲು ಯಾವ ದೊಡ್ಡ ಪಕ್ಷವೂ ಬರಲಿಲ್ಲ. ಕಾರ್ಮಿಕರ ಪಕ್ಷಕ್ಕೆ ಹಳ್ಳಿ ತಿಳಿಯುತ್ತಿರಲಿಲ್ಲ. ರೊಟ್ಟಿ ಅಗ್ಗವಾಗಿರಲಿ ಎನ್ನುವುದು ಅವರ ಯೋಚನೆ. ಬಂದವರು ನಾಜಿಗಳು. ನಿಮ್ಮ ಸಾಲಕ್ಕೆ ಯಹೂದಿಗಳೇ ಕಾರಣ ಎಂದರು.

ಇನ್ನೊಂದು ಸಂಗತಿ. 1932ರ ನವೆಂಬರ್‌ನ ಚುನಾವಣೆಯಲ್ಲಿ ನಾಜಿಗಳ ಮತ ಇಳಿದಿತ್ತು. ಸುಮಾರು 20 ಲಕ್ಷ ಮತ, 34 ಸೀಟು ಕಳೆದುಕೊಂಡರು. ಜನ ಅವರಿಗೆ ಬಹುಮತ ಯಾವತ್ತೂ ಕೊಟ್ಟಿರಲಿಲ್ಲ. ಇಳಿಯುತ್ತಿದ್ದವನನ್ನು ಕೈ ಹಿಡಿದು ಕುರ್ಚಿ ಮೇಲೆ ಕೂರಿಸಿದವರು ಹಳೆಯ ಸಂಪ್ರದಾಯಸ್ಥ ಮುಖಂಡರು. ಮಾಜಿ ಚಾನ್ಸಲರ್ ಪಾಪೆನ್, ಪತ್ರಿಕೆ ಮತ್ತು ಸಿನಿಮಾ ಕಂಪನಿಗಳ ಒಡೆಯ ಹುಗೆನ್‌ಬರ್ಗ್, ಅಧ್ಯಕ್ಷ ಹಿಂಡೆನ್‌ಬರ್ಗ್. ಮೊದಲ ಮಂತ್ರಿಮಂಡಲದಲ್ಲಿ ಹಿಟ್ಲರ್ ಸೇರಿ ಮೂವರೇ ನಾಜಿಗಳು. ಇವನನ್ನು ನಾವು ಹಿಡಿತದಲ್ಲಿ ಇಟ್ಟುಕೊಳ್ಳುತ್ತೇವೆ ಎಂದು ಉಳಿದವರು ನಂಬಿದ್ದರು. ಎಡಪಕ್ಷಗಳ ಪಾಲೂ ಇದೆ. ಕಮ್ಯುನಿಸ್ಟರು ಸೋಷಿಯಲ್ ಡೆಮಾಕ್ರಾಟರನ್ನೇ, ಅಂದರೆ ನಾನು ಕಾರ್ಮಿಕರ ಪಕ್ಷ ಎಂದೆನಲ್ಲ ಅವರನ್ನೇ, ಫ್ಯಾಸಿಸ್ಟರ ಅಣ್ಣತಮ್ಮಂದಿರು ಎಂದು ಬೈಯುತ್ತಾ ಕೂತರು. ಇಬ್ಬರ ಜಗಳದಲ್ಲಿ ಮೂರನೆಯವನಿಗೆ ಲಾಭ ಆಯಿತು.

1933ರ ಮೇ ತಿಂಗಳಲ್ಲಿ ಸ್ವೀಡನ್‌ನಲ್ಲೂ ಡೆನ್ಮಾರ್ಕ್ ತರಹದ್ದೇ ಒಪ್ಪಂದ ಆಯಿತು. ಕಾರ್ಮಿಕರ ಪಕ್ಷ ರೈತರ ಹಾಲು ಬೆಣ್ಣೆಗೆ ಬೆಲೆ ಬೆಂಬಲ ಕೊಟ್ಟಿತು. ರೈತರ ಪಕ್ಷ ನಿರುದ್ಯೋಗಿಗಳಿಗೆ ಸರಿಯಾದ ಕೂಲಿ ಇರುವ ಕಾಮಗಾರಿಗೆ ಒಪ್ಪಿತು. ಅಲ್ಲಿನ ಜನ ಅದಕ್ಕೆ ಇಟ್ಟ ಹೆಸರು ‘ದನದ ವ್ಯಾಪಾರ’. ಸ್ವೀಡನ್ ಯಾವಾಗಲೂ ಶಾಂತ ದೇಶ ಎಂದುಕೊಳ್ಳಬೇಡಿ. ಎರಡು ವರ್ಷದ ಹಿಂದೆ, 1931ರಲ್ಲಿ, ಓಡಾಲೆನ್ ಎಂಬಲ್ಲಿ ಕಾರ್ಮಿಕರ ಮೆರವಣಿಗೆ ಮೇಲೆ ಸೈನಿಕರು ಗುಂಡು ಹಾರಿಸಿ ಐವರು ಸತ್ತಿದ್ದರು. ಅಂಥ ದೇಶದಲ್ಲಿ ನಾಜಿ ಪಕ್ಷಕ್ಕೆ ಸಂಸತ್ತಿನಲ್ಲಿ ಒಂದು ಸೀಟೂ ಸಿಗಲಿಲ್ಲ.

ಇದು ಹಳೆಯ ಕತೆ ಎನಿಸಬಹುದು. ನಮ್ಮ ಕಾಲಕ್ಕೇ ಬನ್ನಿ. ಫುಂಕೆ, ಶುಲಾರಿಕ್, ಟ್ರೆಬೆಷ್ ಎಂಬ ಮೂವರು ಅರ್ಥಶಾಸ್ತ್ರಜ್ಞರು 1870ರಿಂದ 2014ರವರೆಗೆ 20 ಮುಂದುವರಿದ ದೇಶಗಳ 800ಕ್ಕೂ ಹೆಚ್ಚು ಚುನಾವಣೆಗಳನ್ನು ಪರಿಶೀಲಿಸಿದರು. ಬ್ಯಾಂಕುಗಳು ಮುಳುಗಿ ಹಣಕಾಸು ಬಿಕ್ಕಟ್ಟು ಬಂದ ಮೇಲೆ, ತೀವ್ರ ಬಲಪಂಥದ ಮತ ಸರಾಸರಿ ಮೂರನೇ ಒಂದರಷ್ಟು ಏರುತ್ತದೆ ಎಂದು ಕಂಡುಬಂತು. ಸಾಧಾರಣ ಆರ್ಥಿಕ ಹಿಂಜರಿತದಲ್ಲಿ ಹಾಗೆ ಆಗುವುದಿಲ್ಲ. ಯಾಕೆ? ನನಗೆ ತೋಚುವುದು ಇಷ್ಟು. ಮಳೆ ಬರದಿದ್ದರೆ ಜನ ಮುಗಿಲು ನೋಡುತ್ತಾರೆ. ಬ್ಯಾಂಕ್ ಮುಳುಗಿದರೆ, ಮುಳುಗಿಸಿದವನಿಗೆ ಸರ್ಕಾರ ದುಡ್ಡು ಕೊಟ್ಟು ಎತ್ತುತ್ತದೆ, ತಮಗೆ ಮಾತ್ರ ಮನೆ ಖಾಲಿ ಮಾಡಿ ಎಂದು ನೋಟಿಸ್ ಬರುತ್ತದೆ. ಅನ್ಯಾಯ ಕಣ್ಣ ಮುಂದೆಯೇ ನಡೆಯುತ್ತದೆ. 2008ರಲ್ಲಿ ಲೀಮನ್ ಬ್ರದರ್ಸ್ ಎಂಬ ದೊಡ್ಡ ಬ್ಯಾಂಕ್ ಕುಸಿದ ಮೇಲೆ ಅಮೆರಿಕದಲ್ಲಿ ಆದದ್ದೂ ಇದೇ.

ಗ್ರೀಸ್‌ನ ಉದಾಹರಣೆ ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ. ಗೋಲ್ಡನ್ ಡಾನ್ ಎಂಬ ನಾಜಿ ಒಲವಿನ ಪಕ್ಷಕ್ಕೆ 2009ರಲ್ಲಿ ಶೇ 0.3 ಮತ. ಆಮೇಲೆ ಸಾಲದ ಬಿಕ್ಕಟ್ಟು. ಸಾಲ ಕೊಟ್ಟವರ ಷರತ್ತಿಗೆ ಸಂಬಳ, ಪಿಂಚಣಿ, ಆಸ್ಪತ್ರೆ ಎಲ್ಲಕ್ಕೂ ಕತ್ತರಿ. 2013ರಲ್ಲಿ ಅಲ್ಲಿನ ನಿರುದ್ಯೋಗ ಶೇ 27 ದಾಟಿತು. 2012ರ ಎರಡು ಚುನಾವಣೆಗಳಲ್ಲೂ ಆ ಪಕ್ಷಕ್ಕೆ ಸುಮಾರು ಶೇ 7 ಮತ ಬಂತು. ಅವರು ಏನು ಮಾಡುತ್ತಿದ್ದರು ಗೊತ್ತಾ? ಅಥೆನ್ಸ್‌ನ ಚೌಕದಲ್ಲಿ ಆಲೂಗಡ್ಡೆ, ಹಾಲು, ಪಾಸ್ತಾ ಹಂಚುತ್ತಿದ್ದರು. ಗುರುತಿನ ಚೀಟಿ ತೋರಿಸಬೇಕು. ಗ್ರೀಕರಿಗೆ ಮಾತ್ರ. ಸರ್ಕಾರ ಕೈಬಿಟ್ಟ ಜಾಗದಲ್ಲಿ ಅವರು ಬಂದು ನಿಂತರು. ಒಂದು ಕೈಯಲ್ಲಿ ಆಲೂಗಡ್ಡೆ ಚೀಲ, ಇನ್ನೊಂದು ಕೈಯಲ್ಲಿ ದೊಣ್ಣೆ. 2013ರಲ್ಲಿ ಅವರ ಬೆಂಬಲಿಗನೊಬ್ಬ ಪಾವ್ಲೋಸ್ ಫಿಸ್ಸಾಸ್ ಎಂಬ ಗಾಯಕನನ್ನು ಇರಿದು ಕೊಂದ. 2020ರ ಅಕ್ಟೋಬರ್‌ನಲ್ಲಿ ಕೋರ್ಟು ಆ ಪಕ್ಷದ ಮುಖಂಡತ್ವವನ್ನು ಅಪರಾಧಿ ಕೂಟ ಎಂದು ತೀರ್ಪು ಕೊಟ್ಟಿತು.

ವಲಸಿಗರು ಬಂದದ್ದಕ್ಕೇ ಇದೆಲ್ಲ ಆಗುತ್ತಿದೆ ಎನ್ನುವವರು ಇದ್ದಾರೆ. ಅವರು ಪೂರ್ವ ಜರ್ಮನಿ ನೋಡಬೇಕು. 2024ರ ಸೆಪ್ಟೆಂಬರ್‌ನಲ್ಲಿ ತ್ಯೂರಿಂಗಿಯಾ ರಾಜ್ಯದಲ್ಲಿ ಎಎಫ್‌ಡಿ ಎಂಬ ತೀವ್ರ ಬಲಪಂಥದ ಪಕ್ಷ ಶೇ 32.8 ಮತ ಪಡೆದು ಮೊದಲ ಸ್ಥಾನಕ್ಕೆ ಬಂತು. ಆದರೆ ಪಶ್ಚಿಮದ ದೊಡ್ಡ ನಗರಗಳಿಗೆ ಹೋಲಿಸಿದರೆ ಅಲ್ಲಿ ವಲಸಿಗರು ತುಂಬಾ ಕಡಿಮೆ. ಅಲ್ಲಿಂದ ಹೊರಗೆ ಹೋದವರೇ ಜಾಸ್ತಿ. 1990ರಲ್ಲಿ ಎರಡು ಜರ್ಮನಿ ಒಂದಾದಾಗ, ಪೂರ್ವದ ಸಾವಿರಾರು ಸರ್ಕಾರಿ ಕಾರ್ಖಾನೆಗಳನ್ನು ಟ್ರಾಯ್‌ಹಾಂಡ್ ಎಂಬ ಒಂದೇ ಸಂಸ್ಥೆಯ ಕೈಗೆ ಕೊಟ್ಟರು. ಸುಮಾರು 40 ಲಕ್ಷ ಕೆಲಸಗಾರರ ಹಣೆಬರಹ ಅದರ ಕೈಯಲ್ಲಿತ್ತು. 1994ರ ಕೊನೆಯ ಹೊತ್ತಿಗೆ ಹೆಚ್ಚಿನವು ಮಾರಾಟವಾಗಿದ್ದವು ಅಥವಾ ಮುಚ್ಚಿದ್ದವು. ಕೊಂಡವರಲ್ಲಿ ಬಹುಪಾಲು ಪಶ್ಚಿಮದವರು. ಓದಿದ ಹುಡುಗ ಹುಡುಗಿಯರು ಊರು ಬಿಟ್ಟರು. ಕಾರ್ಖಾನೆ ಜೊತೆಗೆ ಅದರ ಕ್ಯಾಂಟೀನು, ಮಕ್ಕಳ ಮನೆ, ಆಟದ ಕ್ಲಬ್ಬು ಎಲ್ಲವೂ ಹೋದವು. ಮೂವತ್ತು ವರ್ಷ ಆದ ಮೇಲೆ ಆ ಊರುಗಳ ಮತ ಈ ರೂಪ ತಾಳಿತು. ಸುಮ್ನೆ ಅವರನ್ನು ಜನಾಂಗ ದ್ವೇಷಿಗಳು ಎಂದು ಬೈದು ಮುಂದೆ ಹೋದರೆ ನಮಗೆ ಏನೂ ಅರ್ಥವಾಗುವುದಿಲ್ಲ. ಹಾಗಂತ ದ್ವೇಷವನ್ನು ಮನ್ನಿಸಬೇಕು ಎಂದೂ ನಾನು ಹೇಳುತ್ತಿಲ್ಲ. ಆ ಊರುಗಳಲ್ಲಿ ಪೆಟ್ಟು ತಿಂದ ನಿರಾಶ್ರಿತನಿಗೆ ಟ್ರಾಯ್‌ಹಾಂಡ್‌ನ ಇತಿಹಾಸ ಹೇಳಿ ಸಮಾಧಾನ ಮಾಡಲಾಗದು.

ಕಾರ್ಖಾನೆ ಜೊತೆಗೆ ಹೋದ ಜಾಗಗಳು ಎಂದೆನಲ್ಲ, ಅದು ನನ್ನ ಮನೆಯ ಮಾತೂ ಹೌದು. ನಮ್ಮ ಅಪ್ಪ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವ ಶೆಡ್ಡು. 1980ರ ಡಿಸೆಂಬರ್‌ನಲ್ಲಿ ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಐಟಿಐ, ಬಿಇಎಂಎಲ್ ಎಲ್ಲ ಕಡೆ ಮುಷ್ಕರ ಶುರುವಾಯಿತು. ಲಕ್ಷಕ್ಕೂ ಹೆಚ್ಚು ಜನ, 77 ದಿನ. ನಾನಿನ್ನೂ ಶಾಲೆಗೆ ಹೋಗುವ ಹುಡುಗಿ. ಅಪ್ಪನ ಜೊತೆ ಗೇಟ್ ಮೀಟಿಂಗ್ ನೋಡಲು ಹೋಗಿದ್ದೆ. ಒಬ್ಬರು ಕನ್ನಡದಲ್ಲಿ ಮಾತಾಡಿದರು, ಇನ್ನೊಬ್ಬರು ತಮಿಳಿನಲ್ಲಿ, ಮತ್ತೊಬ್ಬರು ಉರ್ದುವಿನಲ್ಲಿ. ಚಪ್ಪಾಳೆ ಮಾತ್ರ ಒಂದೇ. ಮುಷ್ಕರದಲ್ಲಿ ಅವರಿಗೆ ಸಿಕ್ಕಿದ್ದು ಅಷ್ಟಕ್ಕಷ್ಟೆ. ಆದರೆ ನಮ್ಮ ಕಷ್ಟಕ್ಕೆ ಯಾರನ್ನು ಕೇಳಬೇಕು ಎನ್ನುವುದು ಆ ಗೇಟಿನ ಮುಂದೆ ನಿಂತವರಿಗೆ ಸ್ಪಷ್ಟವಾಗಿತ್ತು.

ಕೆಲವು ವರ್ಷಗಳ ನಂತರ ಅಪ್ಪನ ಶೆಡ್ಡು ಮುಚ್ಚಿತು. ಮೂರು ತಿಂಗಳ ಸಂಬಳ ಬರಲೇ ಇಲ್ಲ. 1991ರ ಡಿಸೆಂಬರ್‌ನಲ್ಲಿ ಕಾವೇರಿ ಗಲಾಟೆ. ಅಪ್ಪನ ಪಕ್ಕದ ಮೆಷಿನ್‌ನಲ್ಲಿ ಕೆಲಸ ಮಾಡುತ್ತಿದ್ದ ತಮಿಳು ಮಾತಾಡುವ ಮಾಮನ ಮನೆಯವರು ಮೂರು ರಾತ್ರಿ ನಮ್ಮ ಮನೆಯಲ್ಲಿ ಇದ್ದರು. ದೀಪ ಆರಿಸಿ ಕೂತಿದ್ದೆವು. ಹೊರಗೆ ಕಲ್ಲು ಹಿಡಿದು ಓಡಾಡುತ್ತಿದ್ದ ಹುಡುಗರಲ್ಲಿ ಇಬ್ಬರು ಅದೇ ಶೆಡ್ಡಿನವರ ಮಕ್ಕಳು. ಕಾವೇರಿಯ ನೋವು ನಿಜ, ಮಂಡ್ಯದ ರೈತರ ಭಯ ನಿಜ. ಆದರೆ ಆ ಹುಡುಗರಿಗೆ ಕೆಲಸ ಇರಲಿಲ್ಲ. ಅವರ ಅಪ್ಪಂದಿರ ಬಾಕಿ ಸಂಬಳ ಉಳಿಸಿಕೊಂಡವನು ಯಾರು ಎಂದು ಅವರಿಗೆ ಹೇಳುವವರೂ ಇರಲಿಲ್ಲ. ನಮ್ಮ ಮನೆಯೊಳಗೆ ಕೂತಿದ್ದ ಮಾಮ ಯಾರ ನೀರನ್ನೂ ಕದ್ದಿರಲಿಲ್ಲ. ಅವರಿಗೂ ಮೂರು ತಿಂಗಳ ಸಂಬಳ ಬಾಕಿ ಇತ್ತು.

ಹಾಗಾದರೆ ಸಂಘ ಇದ್ದರೆ ಸಾಕೇ? ಇಲ್ಲಿ ನನ್ನ ವಾದಕ್ಕೇ ಎದುರಾಗುವ ಒಂದು ಮಾತನ್ನು ಹೇಳಬೇಕು. 1920ರ ದಶಕದ ಜರ್ಮನಿಯ ಊರುಗಳನ್ನು ಅಧ್ಯಯನ ಮಾಡಿದವರು ನೋಡಿದ್ದಾರೆ: ಹಾಡುವ ಸಂಘ, ಬೌಲಿಂಗ್ ಕ್ಲಬ್ಬು ಜಾಸ್ತಿ ಇದ್ದ ಊರುಗಳಲ್ಲಿ ಜನ ನಾಜಿ ಪಕ್ಷಕ್ಕೆ ಇನ್ನೂ ಬೇಗ ಸೇರಿದರು. ಒಬ್ಬ ಸೇರಿದರೆ ಜೊತೆಯವರನ್ನೂ ಎಳೆದುಕೊಂಡು ಹೋದ. ಇದನ್ನು ಓದಿದ ದಿನ ನನಗೆ ತುಂಬಾ ಕಸಿವಿಸಿ ಆಯಿತು. ಯಾಕಂದರೆ ಬೆಂಗಳೂರಿನಲ್ಲಿ ಸಂಘಗಳಿಗೆ ಕೊರತೆಯೇ ಇಲ್ಲ. ಜಾತಿಗೊಂದು ಸಂಘ, ಬಡಾವಣೆಗೊಂದು ಸಂಘ, ಅಪಾರ್ಟ್‌ಮೆಂಟಿಗೊಂದು ವಾಟ್ಸಾಪ್ ಗುಂಪು. ನಮ್ಮ ತರಹದವರೇ ಸೇರಿ ನಮ್ಮ ತರಹದವರ ಜೊತೆಗೇ ಮಾತಾಡುವ ಜಾಗದಲ್ಲಿ ಸುಳ್ಳು ಸುದ್ದಿ ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಇಳಿಯುತ್ತದೆ. ಒಂದೇ ಮೆಷಿನ್ ಮೇಲೆ ಕೆಲಸ ಮಾಡುವ ಮೂರು ಭಾಷೆಯವರು ಒಂದೇ ಬೇಡಿಕೆಗೆ ಸೇರುವ ಜಾಗ ಬೇರೆಯೇ.

2012ರ ಆಗಸ್ಟ್ ನೆನಪಿದೆಯಾ? ಈಶಾನ್ಯ ರಾಜ್ಯದವರ ಮೇಲೆ ದಾಳಿ ಆಗುತ್ತದೆ ಎಂಬ ಎಸ್‌ಎಂಎಸ್‌ಗಳು ಹರಿದಾಡಿ, ಎರಡು ಮೂರು ದಿನದಲ್ಲಿ ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿ ರೈಲು ಹತ್ತಿದರು. ವಾಚ್‌ಮನ್‌ಗಳು, ಬ್ಯೂಟಿ ಪಾರ್ಲರ್ ಹುಡುಗಿಯರು, ಹೋಟೆಲ್ ಹುಡುಗರು. ಅವರಿಗೆ ಈ ಊರಿನಲ್ಲಿ ಫೋನ್ ಮಾಡಿ, ಅಣ್ಣಾ ಇದು ನಿಜವಾ ಎಂದು ಕೇಳಲು ಒಬ್ಬ ಮನುಷ್ಯ ಇರಲಿಲ್ಲ. ಇವತ್ತು ಫೋನುಗಳು ಇನ್ನೂ ಚುರುಕಾಗಿವೆ. ಸಿಟ್ಟು ಬರಿಸುವ ವಿಡಿಯೊವನ್ನು ಜನ ಜಾಸ್ತಿ ಹೊತ್ತು ನೋಡುತ್ತಾರೆ, ಜಾಸ್ತಿ ನೋಡಿದರೆ ಕಂಪನಿಗೆ ಜಾಹೀರಾತಿನ ದುಡ್ಡು. ಇದರ ಬಗ್ಗೆ ಬೇಕಾದಷ್ಟು ಚರ್ಚೆ ಆಗಿದೆ, ಹಾಗಾಗಿ ಹೆಚ್ಚು ಹೇಳುವುದಿಲ್ಲ. ಹಿಟ್ಲರ್ ಕಾಲದಲ್ಲಿ ವಾಟ್ಸಾಪ್ ಇರಲಿಲ್ಲ ಎನ್ನುವುದು ನೆನಪಿರಲಿ.

ಈಗ 2016ರ ಏಪ್ರಿಲ್. ಪಿಎಫ್ ಹಣ ಪೂರ್ತಿ ತೆಗೆಯಲು 58 ವರ್ಷದವರೆಗೆ ಕಾಯಬೇಕು ಎಂಬ ನಿಯಮ ಬರುವುದಿತ್ತು. ಹೊಸೂರು ರಸ್ತೆ, ತುಮಕೂರು ರಸ್ತೆಗಳಿಗೆ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಇಳಿದರು. ದೊಡ್ಡ ನಾಯಕರು ಯಾರೂ ಕರೆದಿರಲಿಲ್ಲ. ಪೊಲೀಸರ ಲಾಠಿ ಬಿತ್ತು, ಬಸ್ಸಿಗೆ ಬೆಂಕಿಯೂ ಬಿತ್ತು. ಅದು ಆಗಬಾರದಿತ್ತು. ಆದರೆ ಎರಡನೆಯ ದಿನವೇ ಕೇಂದ್ರ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು. ಆ ಗುಂಪಿನಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಎಲ್ಲರೂ ಇದ್ದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಇದೇ ಊರಿನಲ್ಲಿ ಕಾವೇರಿ ಹೆಸರಲ್ಲಿ ಮತ್ತೆ ಬಸ್ಸುಗಳು ಸುಟ್ಟವು, ನಂಬರ್ ಪ್ಲೇಟ್ ನೋಡಿ. ಐದು ತಿಂಗಳ ಅಂತರದಲ್ಲಿ ಒಂದೇ ಊರಿನ ಸಿಟ್ಟು ಎರಡು ಬೇರೆ ವಿಳಾಸಗಳಿಗೆ ಹೋಯಿತು.

ಇನ್ನು ಪ್ರಶ್ನೆಗಳು.

ಮೊದಲನೆಯದನ್ನು ಒಬ್ಬ ಬ್ಯಾಂಕ್ ನಿವೃತ್ತರು ಕೇಳಿದರು. “ಮೇಡಂ, ತೀವ್ರ ಬಲಪಂಥ ಹೇಳುವುದನ್ನೇ ಬೇರೆ ಪಕ್ಷಗಳೂ ಸ್ವಲ್ಪ ಮೆತ್ತಗೆ ಹೇಳಿಬಿಟ್ಟರೆ ಅವರ ಮತ ಇಳಿಯುವುದಿಲ್ಲವೇ?” ಇಲ್ಲ ಸರ್. ಯುರೋಪಿನಲ್ಲಿ ಇದನ್ನು ಬೇಕಾದಷ್ಟು ಸಲ ಮಾಡಿ ನೋಡಿದ್ದಾರೆ. ಹಾಗೆ ಮಾಡಿದಾಗ ಅವರ ಮಾತಿಗೆ ಮರ್ಯಾದೆ ಬರುತ್ತದೆ, ಮತ ಇಳಿಯುವುದಿಲ್ಲ. ಕೆಲಸ ಮಾಡಿದ ಉದಾಹರಣೆ ಬೆಲ್ಜಿಯಂನದು. 1937ರ ಏಪ್ರಿಲ್‌ನಲ್ಲಿ ಬ್ರಸೆಲ್ಸ್ ಉಪಚುನಾವಣೆಗೆ ಫ್ಯಾಸಿಸ್ಟ್ ನಾಯಕ ಡೆಗ್ರೆಲ್ ನಿಂತ. ಅವನು ಬೆಳೆದದ್ದು ಕ್ಯಾಥೊಲಿಕ್ ಪಕ್ಷದ ಮಡಿಲಲ್ಲೇ. ಆದರೆ ಆ ಪಕ್ಷ ಅವನ ಜೊತೆ ಹೋಗಲಿಲ್ಲ. ಸಮಾಜವಾದಿಗಳು, ಕಮ್ಯುನಿಸ್ಟರು, ಲಿಬರಲ್ಲರ ಜೊತೆ ಸೇರಿ ಪ್ರಧಾನಿ ವಾನ್ ಝೀಲಾಂಡ್ ಅವರನ್ನೇ ಎದುರು ನಿಲ್ಲಿಸಿತು. ಅಲ್ಲಿನ ಕ್ಯಾಥೊಲಿಕ್ ಚರ್ಚಿನ ಹಿರಿಯ ಧರ್ಮಗುರು, ಕಾರ್ಡಿನಲ್ ಕೂಡ ಡೆಗ್ರೆಲ್‌ಗೆ ವಿರುದ್ಧವಾಗಿ ಮಾತಾಡಿದರು. ವಾನ್ ಝೀಲಾಂಡ್‌ಗೆ ಶೇ 76, ಡೆಗ್ರೆಲ್‌ಗೆ ಶೇ 19. ತಮ್ಮ ಮನೆಯಿಂದ ಹೊರಟವನನ್ನು ತಡೆಯುವ ಕೆಲಸ ಆ ಮನೆಯವರೇ ಮಾಡಬೇಕು. ಎಡದವರು ಎಷ್ಟು ಕೂಗಿದರೂ ಅದು ಆಗುವುದಿಲ್ಲ.

ಎರಡನೆಯದು, ನಮ್ಮ ದೇಶದ ಬಗ್ಗೆ ಯಾಕೆ ಹೇಳಲಿಲ್ಲ ಎಂದು. ನ್ಯಾಯವಾದ ಪ್ರಶ್ನೆ. ಯುರೋಪಿನ ಅಳತೆಗೋಲು ಇಲ್ಲಿಗೆ ಪೂರ್ತಿ ಹೊಂದುವುದಿಲ್ಲ. ಇಲ್ಲಿ ಜಾತಿ ಇದೆ, ದೇಶ ವಿಭಜನೆಯ ಗಾಯ ಇದೆ. ಅವು ಯಾವ ಬ್ಯಾಂಕ್ ಬಿಕ್ಕಟ್ಟಿಗಿಂತಲೂ ಹಳೆಯವು. ನಮ್ಮ ಆರ್ಥಿಕತೆ ಈ ಮೂವತ್ತು ವರ್ಷದಲ್ಲಿ ಬೆಳೆದಿದೆ, ಕುಸಿದಿಲ್ಲ. ಆದರೆ ಡಿಗ್ರಿ ಮುಗಿಸಿದ ಹುಡುಗ ಬೈಕ್ ಮೇಲೆ ಊಟದ ಡಬ್ಬಿ ಹೊತ್ತು ಮಹಡಿ ಹತ್ತುತ್ತಿದ್ದಾನೆ. ಅವನಿಗೆ ಗೇಟ್ ಇಲ್ಲ, ಗೇಟ್ ಮೀಟಿಂಗ್ ಇಲ್ಲ, ಮೇಲಧಿಕಾರಿಯ ಮುಖವೂ ಗೊತ್ತಿಲ್ಲ. ಇವತ್ತು ರಾತ್ರಿ ಅವನ ಐಡಿ ಬ್ಲಾಕ್ ಆದರೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕು? ಗಿಗ್ ಕೆಲಸಗಾರರ ರಕ್ಷಣೆಗೆ ಕರ್ನಾಟಕ 2025ರಲ್ಲಿ ಕಾನೂನು ಮಾಡಿದ್ದು ನನಗೆ ದೊಡ್ಡ ವಿಷಯವಾಗಿ ಕಾಣುವುದು ಅದಕ್ಕೇ. ಅವನ ಮುಂದೆ ದೂರು ಹೇಳುವ ಒಂದು ಬಾಗಿಲಾದರೂ ಇರಬೇಕು. ಇಲ್ಲದಿದ್ದರೆ ಅವನ ಫೋನು ಅವನಿಗೆ ಒಂದು ವಿಳಾಸ ಹುಡುಕಿ ಕೊಡುತ್ತದೆ. ಧರ್ಮದ ಹೆಸರಲ್ಲಿ, ಭಾಷೆಯ ಹೆಸರಲ್ಲಿ, ಜಾತಿಯ ಹೆಸರಲ್ಲಿ.

ಕೊನೆಯದನ್ನು ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಕಾಲೇಜು ಹುಡುಗಿ ಕೇಳಿದಳು. “ಆ ರಾತ್ರಿ ಕೋಪನ್‌ಹೇಗನ್‌ನ ಮನೆಯಲ್ಲಿ ಯಾರು ಸೋತರು? ಒಪ್ಪಂದ ಅಂದರೆ ಯಾರಾದರೂ ಸೋಲಲೇಬೇಕಲ್ವಾ?”

ತುಂಬಾ ಒಳ್ಳೆಯ ಪ್ರಶ್ನೆ ಮಗಳೇ. ಎಲ್ಲರೂ ಸ್ವಲ್ಪ ಸ್ವಲ್ಪ ಸೋತರು. ಕಾರ್ಮಿಕರು ಒಂದು ವರ್ಷ ಮುಷ್ಕರದ ಹಕ್ಕನ್ನೇ ಬಿಟ್ಟರು. ಹಣದ ಬೆಲೆ ಇಳಿದದ್ದರಿಂದ ಹೊರಗಿನ ಸಾಮಾನು ಅವರಿಗೆ ತುಟ್ಟಿಯಾಯಿತು. ಮಾಲೀಕರಿಗೆ ಸಂಬಳ ಕಡಿತ ಸಿಗಲಿಲ್ಲ. ರೈತರ ಪಕ್ಷ ತಾನು ಇಷ್ಟಪಡದ ಸಮಾಜ ಸುಧಾರಣೆಗೆ ದಾರಿ ಬಿಟ್ಟುಕೊಟ್ಟಿತು. ರೈತರ ಕಷ್ಟವೂ ಒಂದೇ ಸಲ ಮುಗಿಯಲಿಲ್ಲ. 1935ರ ಜುಲೈಯಲ್ಲಿ ಸುಮಾರು 40,000 ರೈತರು ರಾಜಧಾನಿಗೆ ಬಂದು ರಾಜನ ಅರಮನೆ ಮುಂದೆ ನಿಂತು ತಮ್ಮ ಬೇಡಿಕೆ ಓದಿದರು. ಕೂಗಿದರು, ಬೈದರು, ಊರಿಗೆ ಮರಳಿದರು.

ಆ ವರ್ಷದ ಚುನಾವಣೆಯಲ್ಲಿ ಡೆನ್ಮಾರ್ಕ್‌ನ ನಾಜಿ ಪಕ್ಷಕ್ಕೆ ಬಂದದ್ದು ಸುಮಾರು ಶೇ 1. 1939ರಲ್ಲಿ ಶೇ 1.8. 1940ರ ಏಪ್ರಿಲ್‌ನಲ್ಲಿ ಹಿಟ್ಲರನ ಸೈನ್ಯ ಆ ದೇಶವನ್ನೇ ಹಿಡಿಯಿತು. 1943ರ ಮಾರ್ಚ್‌ನಲ್ಲಿ, ಬೀದಿಯಲ್ಲಿ ಜರ್ಮನ್ ಸೈನಿಕರು ಇರುವಾಗಲೇ, ಅಲ್ಲಿ ಇನ್ನೊಂದು ಚುನಾವಣೆ ನಡೆಯಿತು. ಮತದಾರರಲ್ಲಿ ಹತ್ತಿರ ಹತ್ತಿರ ಶೇ 90 ಜನ ಬಂದು ಮತ ಹಾಕಿದರು. ನಾಜಿ ಪಕ್ಷಕ್ಕೆ ಸಿಕ್ಕಿದ್ದು ಶೇ 2.1.